ನೀರುಗಂಟಿಯ ಗದ್ದೆ

“ಗುರುಗಳೇ, ಸೋಲುತ್ತಿರುವ ತಂಡವೊಂದು ತನ್ನ ಮ್ಯಾನೇಜರನನ್ನು ಬದಲಿಸಬೇಕೋ, ಬೇಡವೋ?”

ಕೇಳಿದವನು ಮಲ್ಲಾರಾಧ್ಯ. ಊರಿನ ಹಾಕಿ ಸಂಘದ ಅಧ್ಯಕ್ಷ, ವಯಸ್ಸು ಅರವತ್ತೆರಡು. ಕೇಳಿಸಿಕೊಂಡವರು ಪಾಯಣ್ಣ ಪಂಡಿತರು, ವಯಸ್ಸು ಎಂಬತ್ತೆಂಟು. ಒಂದು ಕಾಲದಲ್ಲಿ ಅವರು ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಶಾಲೆಗೆ ಡ್ರಿಲ್ ಮೇಷ್ಟರು ಇರಲಿಲ್ಲವಾಗಿ ಹಾಕಿಯನ್ನೂ ಅವರೇ ಕಲಿಸಿದರು. ಬೆಳಗ್ಗೆ ಕಂದಪದ್ಯಕ್ಕೆ ಪ್ರಸ್ತಾರ ಹಾಕಿಸಿದ ಕೈಯೇ ಸಂಜೆ ಸೀಟಿ ಹಿಡಿಯುತ್ತಿತ್ತು. ಆದುದರಿಂದ ಆರಾಧ್ಯನಿಗೆ ಪದ್ಯದ ಸಂದೇಹಕ್ಕೂ ಆಟದ ಸಂದೇಹಕ್ಕೂ ಗುರು ಒಬ್ಬರೇ.

ಪಂಡಿತರು ಸಣ್ಣ ಕಲ್ಲಿನಲ್ಲಿ ಎಲೆ ಅಡಕೆ ಕುಟ್ಟುತ್ತಿದ್ದರು. ಕುಟ್ಟುವುದನ್ನು ನಿಲ್ಲಿಸದೆ ಕೇಳಿದರು.

“ಎಷ್ಟು ಸೋತಿರಿ?”

“ಈ ಸಲ ಏಳು ಪಂದ್ಯ. ಇನ್ನು ಮೂರು ಉಳಿದಿವೆ. ಅವೂ ಹೋದರೆ ಮೊದಲ ದರ್ಜೆಯಿಂದ ಕೆಳಕ್ಕೆ ಇಳಿಯುತ್ತೇವೆ. ಸಂಘ ಹುಟ್ಟಿದಾಗಿನಿಂದ ಆ ಮಾತು ಬಂದಿರಲಿಲ್ಲ, ಗುರುಗಳೇ.”

“ಗೋಲು ಹೊಡೆಯುವವರು ಇಲ್ಲವೋ?”

“ಅದಕ್ಕೇನೂ ಕಡಮೆಯಿಲ್ಲ. ಮೊನ್ನೆ ನಾಲ್ಕು ಹೊಡೆದೆವು.”

“ಮತ್ತೆ?”

“ಐದು ಹೊಡೆಸಿಕೊಂಡೆವು.”

ಪಂಡಿತರು ನಕ್ಕರು. “ಹಾಗಾದರೆ ಅವರೆಲ್ಲ ನಿನ್ನ ಶಿಷ್ಯರೇ ಸರಿ. ನಿನ್ನನ್ನು ಎಡ ಬ್ಯಾಕಿಗೆ ನಿಲ್ಲಿಸಿದರೆ ಎದುರಾಳಿಯ ಗೋಲಿನಲ್ಲಿ ಹುಡುಕಬೇಕಾಗಿತ್ತು.”

ಆರಾಧ್ಯನೂ ನಕ್ಕನು. ನಗುತ್ತಲೇ ಜೇಬನ್ನು ಮುಟ್ಟಿಕೊಂಡನು. ಅವನ ಅಂಗಿಯ ಜೇಬಿನಲ್ಲಿ ಒಂದು ಕಾಗದವಿತ್ತು. ಮ್ಯಾನೇಜರನನ್ನು ಬಿಡಿಸುವ ನಿರ್ಣಯ. ಸಮಿತಿಯ ಆರು ಮಂದಿ ರುಜು ಹಾಕಿದ್ದರು. ಏಳನೆಯದು ಅವನದು. ಸಂಜೆ ಐದಕ್ಕೆ ಸಭೆ.

“ಮ್ಯಾನೇಜರ್ ಈಗಲೂ ಜ್ಞಾನಪ್ರಕಾಶನೇ ಅಲ್ಲವೇ?” ಎಂದರು ಪಂಡಿತರು.

“ಅವನೇ” ಎಂದು ಆರಾಧ್ಯ ತಲೆ ತಗ್ಗಿಸಿದನು.

ಜ್ಞಾನಪ್ರಕಾಶನ ತಂದೆ ರೈಲ್ವೆಯಲ್ಲಿ ಹಳಿ ಕಾಯುತ್ತಿದ್ದರು. ಮಗ ಶಾಲೆಯ ತಂಡದಲ್ಲಿ ಗೋಲು ಕಾಯುತ್ತಿದ್ದನು. ಬಿದಿರಿನ ಬೇರನ್ನು ಉರುಟಾಗಿ ಕೆತ್ತಿ ಚೆಂಡು ಮಾಡಿಕೊಂಡ ಕಾಲ ಅದು. ರೈಲ್ವೆಯವರು ಬಿಸಾಡಿದ ಮರದ ಸ್ಲೀಪರುಗಳೇ ಗೋಲುಗಂಬ. ಗೋಣಿತಟ್ಟಿನೊಳಗೆ ತೆಂಗಿನ ನಾರು ತುಂಬಿ ಆರಾಧ್ಯನ ತಾಯಿ ಜ್ಞಾನಪ್ರಕಾಶನ ಕಾಲಿಗೆ ಪ್ಯಾಡು ಹೊಲಿದುಕೊಟ್ಟಿದ್ದರು. ಮಳೆಯಲ್ಲಿ ನೆನೆದರೆ ಆ ಪ್ಯಾಡು ಎತ್ತಿನ ನೊಗದಷ್ಟು ಭಾರವಾಗುತ್ತಿತ್ತು. ಜ್ಞಾನಪ್ರಕಾಶ ಅದನ್ನು ಕಟ್ಟಿಕೊಂಡೇ ಹಾರುತ್ತಿದ್ದನು. ಹಾರಿ ಬಿದ್ದು ಎದ್ದು, ಮುಂದೆ ಓಡಿಹೋದ ಆರಾಧ್ಯನನ್ನು ಹೆಸರು ಹಿಡಿದು ಬಯ್ಯುತ್ತಿದ್ದನು.

ಮತ್ತೊಂದು ವಾಡಿಕೆಯೂ ಇತ್ತು. ತಂಡವನ್ನು ಆಯುವವನು ಗೋಲಿನ ಹಿಂದೆ ಕೂರಬೇಕು. ಪಂಡಿತರು ಹಾಕಿಕೊಟ್ಟ ವಾಡಿಕೆ. ಮೈದಾನದ ಎರಡು ತುದಿಗೂ ಒಂದೊಂದು ಚಪ್ಪಡಿ ಕಲ್ಲು ಹಾಕಿಸಿದ್ದರು. ನಮ್ಮವರು ಯಾವ ಗೋಲು ಕಾಯುತ್ತಾರೋ ಅದರ ಹಿಂದಿನ ಕಲ್ಲಿನ ಮೇಲೆ ಅವರು. ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದಾಗ, ಕಚ್ಚೆ ಬಿಗಿದು ಕೊಡೆ ಬಿಚ್ಚಿ, ಆ ತುದಿಯಿಂದ ಈ ತುದಿಗೆ ನಡೆದು ಬರುವರು. ಆ ನಡಿಗೆಯನ್ನು ನೋಡುವುದಕ್ಕೆಂದೇ ಬರುವವರಿದ್ದರು. “ಪಂಡಿತರ ಉತ್ತರಾಯಣ ಆಯಿತು, ಇನ್ನು ಆಟ ನೋಡ್ರಯ್ಯ” ಎಂದು ಸ್ಟೇಷನ್ನಿನ ಪೋರ್ಟರುಗಳು ಕೂಗುವರು. ಪಂಡಿತರ ತರುವಾಯ ಆ ಕಲ್ಲಿಗೆ ಬಂದವನು ಜ್ಞಾನಪ್ರಕಾಶ. ಹದಿನಾಲ್ಕು ವರ್ಷ ಕೂತನು. ಹದಿನಾಲ್ಕು ವರ್ಷದಲ್ಲಿ ಆರು ಸಲ ಗೆದ್ದ ಕಪ್ ಊರಿಗೆ ಬಂದಿತ್ತು.

“ಅವನು ಏನನ್ನುತ್ತಾನೆ?” ಎಂದು ಪಂಡಿತರು ಕೇಳಿದರು.

“ಹಿಂದಿನ ಸಾಲಿನವರು ಸೋಮಾರಿಗಳು ಅನ್ನುತ್ತಾನೆ. ಪ್ರತಿ ವರ್ಷ ಮುಂದಿನ ಸಾಲಿಗೆ ಹೊಸಬರನ್ನು ತರುತ್ತಾನೆ. ನೋಡುವುದಕ್ಕೆ ಚೆಂದವಾಗಿ ಆಡುತ್ತಾರೆ, ಅದನ್ನು ಇಲ್ಲವೆನ್ನಲಾರೆ. ನಾವಿಬ್ಬರೂ ಅಕ್ಕಪಕ್ಕವೇ ಕೂತು ನೋಡುತ್ತೇವಲ್ಲ.”

“ಅಕ್ಕಪಕ್ಕವೋ? ಎಲ್ಲಿ?”

ಆರಾಧ್ಯನ ಮುಖ ಅರಳಿತು. “ನಿಮಗೆ ಹೇಳಿರಲಿಲ್ಲವೇ? ಮೈದಾನದ ನಡುಭಾಗಕ್ಕೆ ಸರಿಯಾಗಿ ಪೆವಿಲಿಯನ್ ಕಟ್ಟಿಸಿದ್ದೇನೆ. ನಾಲ್ಕು ವರ್ಷವಾಯಿತು. ಈ ವಯಸ್ಸಿನಲ್ಲಿ ಜ್ಞಾನಪ್ರಕಾಶ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂರುವುದೇಕೆ ಎಂದು ನನ್ನ ಪಕ್ಕದಲ್ಲೇ ಮೆತ್ತೆಯ ಕುರ್ಚಿ ಹಾಕಿಸಿದೆ. ಅವನು ಒಲ್ಲೆನೆಂದ, ನಾನೇ ಕೈಹಿಡಿದು ಹತ್ತಿಸಿದೆ. ಆ ಎರಡು ಕಲ್ಲನ್ನೂ ಹಾಳುಮಾಡಲಿಲ್ಲ, ಗುರುಗಳೇ. ಪೆವಿಲಿಯನ್ನಿನ ಮೆಟ್ಟಿಲಿಗೆ ಹಾಕಿಸಿದೆ.”

ಕುಟ್ಟುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಮತ್ತೆ ಕುಟ್ಟತೊಡಗಿತು.

“ಈಗ ಹೇಳಿ” ಎಂದನು ಆರಾಧ್ಯ. “ಗೆಳೆಯನೆಂದು ಇಟ್ಟುಕೊಂಡರೆ ತಂಡ ಮುಳುಗುತ್ತದೆ. ತಂಡವೆಂದು ಅವನನ್ನು ಕಳಿಸಿದರೆ, ಆ ನಾರಿನ ಪ್ಯಾಡು ಹೊಲಿದ ನನ್ನ ತಾಯಿಗೆ ಮುಂದೆ ಯಾವ ಮುಖ ತೋರಿಸಲಿ?”

ಪಂಡಿತರು ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಈ ಕತೆಯನ್ನು ಹೇಳಿದರು.

ಒಂದೂರಿಗೆ ಒಂದು ಕೆರೆಯಿತ್ತು. ಕೆರೆಯ ಕೆಳಗೆ ನೂರು ಗದ್ದೆ. ನೀರು ಹೊರಬೀಳುವ ತೂಬಿನ ಬಾಯಲ್ಲಿ ಗೌಡನ ಗದ್ದೆ. ಅಲ್ಲಿಂದ ಕಾಲುವೆ ಇಳಿದಂತೆ ಉಳಿದವರ ಗದ್ದೆಗಳು. ಕೆರೆ ಎಲ್ಲರದು, ಆದರೆ ತೂಬನ್ನು ಎತ್ತುವವನೂ ಇಳಿಸುವವನೂ ಒಬ್ಬನೇ. ಅವನು ನೀರುಗಂಟಿ. ಸರದಿಯಂತೆ ನೀರು ಹಂಚುವುದು ಅವನ ಕೆಲಸ.

ಊರು ಅವನ ಜೀವನಕ್ಕೆಂದು ಒಂದು ಗದ್ದೆ ಬಿಟ್ಟಿತ್ತು. ಆ ಗದ್ದೆ ಕಾಲುವೆಯ ತುತ್ತತುದಿಯಲ್ಲಿತ್ತು, ನೂರನೆಯದು. ಹಿರಿಯರು ಅದನ್ನು ಅಲ್ಲಿಯೇ ಏಕೆ ಇಟ್ಟರೆಂದು ಯಾರೂ ಕೇಳಿರಲಿಲ್ಲ. ಅಜ್ಜಂದಿರ ಕಾಲದಿಂದ ಹಾಗೆ ಇತ್ತು, ಹಾಗೆ ನಡೆದಿತ್ತು.

ನೀರುಗಂಟಿ ಪ್ರತಿದಿನ ಬೆಳಗ್ಗೆ ಗುದ್ದಲಿ ಹೆಗಲಿಗಿಟ್ಟು ತನ್ನ ಗದ್ದೆಯಿಂದ ಹೊರಡುವನು. ಕಾಲುವೆಯ ಗುಂಟ ಮೇಲುಮೇಲಕ್ಕೆ ನಡೆಯುವನು. ಎಲ್ಲಿ ಏಡಿ ಬದು ಕೊರೆದಿದೆ, ಎಲ್ಲಿ ಯಾರು ಸರದಿ ಮೀರಿ ಗದ್ದೆಗೆ ನೀರು ಬಿಡುವ ಮಡೆ ತೆರೆದಿದ್ದಾರೆ, ಅದೆಲ್ಲ ದಾರಿಯಲ್ಲಿ ಅವನ ಕಣ್ಣಿಗೆ ಬೀಳುವುದು. ಬಿದ್ದಲ್ಲೇ ಮುಚ್ಚುವನು. ತೂಬನ್ನು ಮುಟ್ಟುವ ಹೊತ್ತಿಗೆ ನೂರು ಗದ್ದೆಯ ಸುದ್ದಿಯೂ ಅವನ ಕಾಲಿಗೆ ತಿಳಿದಿರುವುದು.

ಗೌಡ ದಯಾವಂತ. ನೀರುಗಂಟಿಗೆ ವಯಸ್ಸಾದುದನ್ನು ಕಂಡು ಮರುಗಿದನು. “ಇಷ್ಟು ದೂರ ದಿನವೂ ನಡೆದು ಸಾಯಬೇಡವಯ್ಯ. ತೂಬಿನ ಪಕ್ಕದಲ್ಲಿ ನನ್ನದೇ ಒಂದು ತುಂಡು ಗದ್ದೆಯಿದೆ, ತೆಗೆದುಕೋ” ಎಂದನು. ನೀರುಗಂಟಿ ಕೈಮುಗಿದು ತೆಗೆದುಕೊಂಡನು. ಊರು ಗೌಡನನ್ನು ಹೊಗಳಿತು.

ಮರುವರ್ಷ ಕೆರೆ ತುಂಬಿತು. ತುದಿಯ ಐದು ಗದ್ದೆ ಒಣಗಿದವು. ಅದರ ಮರುವರ್ಷವೂ ಕೆರೆ ತುಂಬಿತು. ತುದಿಯ ಇಪ್ಪತ್ತು ಗದ್ದೆ ಒಣಗಿದವು. ತುದಿಯವರು ಬಂದು ದೂರಿದರು. ಗೌಡ ನೀರುಗಂಟಿಯನ್ನು ಕರೆಸಿದನು. ನೀರುಗಂಟಿ ಸುಳ್ಳು ಹೇಳುವವನಲ್ಲ. “ತೂಬು ಎತ್ತಿದ್ದೇನೆ ಬುದ್ಧಿ. ಇಗೋ, ನನ್ನ ಗದ್ದೆಯಲ್ಲಿ ಮೊಣಕಾಲುದ್ದ ನೀರಿದೆ” ಎಂದನು. ಗೌಡ ತನ್ನ ಗದ್ದೆಯನ್ನು ನೋಡಿದನು. ಅಲ್ಲಿಯೂ ಮೊಣಕಾಲುದ್ದ ನೀರಿತ್ತು. ತುದಿಯವರೇ ಮೈಗಳ್ಳರೆಂದು ಇಬ್ಬರೂ ತೀರ್ಮಾನಿಸಿದರು.

ಮೂರನೆಯ ವರ್ಷ ದೂರು ಬೈಗುಳವಾಯಿತು. ಗೌಡ ನೀರುಗಂಟಿಯನ್ನು ಬಿಡಿಸಿ ಬೇರೊಬ್ಬನನ್ನು ತಂದನು. ತೂಬಿನ ಪಕ್ಕದ ಗದ್ದೆ ಅವನಿಗಾಯಿತು. ಅವನು ಪ್ರಾಯದವನು, ದನಿ ದೊಡ್ಡದು. ನೀರು ತುದಿ ಮುಟ್ಟಲಿಲ್ಲ. ಮತ್ತೊಬ್ಬನು ಬಂದನು. ಅವನು ಜಾಣ, ನೀರು ತುದಿ ಮುಟ್ಟಲಿಲ್ಲ. ಕಡೆಗೆ ತುದಿಯ ಮನೆಯವರು ಗಂಟುಮೂಟೆ ಕಟ್ಟಿದರು. ಊರು ಒಡೆಯುವುದೆಂದು ಹೆದರಿ, ಅವರನ್ನು ತಡೆಯಲೆಂದು, ಗೌಡ ಹುಟ್ಟಿದಮೇಲೆ ಮೊದಲ ಸಲ ಕಾಲುವೆಯ ಗುಂಟ ತುದಿಯವರೆಗೆ ನಡೆದನು.

ನಡೆದು ಹೋದರೆ, ತೊಂಬತ್ತೊಂಬತ್ತನೆಯ ಗದ್ದೆ ಒಣಗಿದೆ. ನೂರನೆಯದರಲ್ಲಿ ಪಾದ ಮುಳುಗುವಷ್ಟು ನೀರು ಅದೇ ಈಗ ಹರಿದು ಬರುತ್ತಿದೆ. ಬದುವಿನ ಮೇಲೆ ಮೈಯೆಲ್ಲ ಕೆಸರಾಗಿ ಹಳೆಯ ನೀರುಗಂಟಿ ಕೂತಿದ್ದಾನೆ. ಕೆಲಸ ಕಳೆದುಕೊಂಡವನು ತನ್ನ ಹಳೆಯ ಗದ್ದೆಗೇ ಮರಳಿದ್ದನು.

“ಇಲ್ಲಿಗೆ ನೀರು ಹೇಗೆ ಬಂತಯ್ಯ?” ಎಂದನು ಗೌಡ.

“ಒಣಗಿತ್ತು ಬುದ್ಧಿ. ಅದಕ್ಕೇ ಮೇಲಕ್ಕೆ ನಡೆದೆ. ಹನ್ನೊಂದು ತೂತು ಮುಚ್ಚಿದೆ. ಈ ಪಕ್ಕದವನ ಮಡೆಯೊಂದನ್ನು ಇನ್ನೂ ತೆರೆಯಬೇಕಾಗಿದೆ.”

“ಇದನ್ನೇ ನೀನು ಅಲ್ಲಿದ್ದಾಗ ಏಕೆ ಮಾಡಲಿಲ್ಲ?”

ನೀರುಗಂಟಿ ಕೆಸರಾದ ತನ್ನ ಕಾಲನ್ನು ನೋಡಿಕೊಂಡನು.

“ಅಲ್ಲಿ ನನ್ನ ಕಾಲು ನೆನೆದೇ ಇತ್ತು, ಬುದ್ಧಿ” ಎಂದನು.

ಪಂಡಿತರು ಅಲ್ಲಿಗೆ ನಿಲ್ಲಿಸಿದರು.

ಆರಾಧ್ಯ ಮೊದಲು ತೊಡೆ ತಟ್ಟಿ ನಕ್ಕನು. ಶಾಲೆಯಲ್ಲಿ ಪಂಡಿತರ ಕತೆ ಮುಗಿದಾಗ ಮೊದಲು ನಗುವವನು ಅವನೇ. ಆ ಅಭ್ಯಾಸ ಹೋಗಿರಲಿಲ್ಲ.

“ಎಂಥ ದಡ್ಡ ಗೌಡ, ಗುರುಗಳೇ! ಆ ಮುದುಕ ಒಳ್ಳೆಯವನೇ. ತುದಿಯಲ್ಲಿದ್ದವನನ್ನು ಗೌಡ ತಾನೇ ಕೈಹಿಡಿದು ತೂಬಿನ ಪಕ್ಕ ತಂದು ಕೂರಿಸಿದ. ಆಮೇಲೆ ತುದಿ ಕಾಣಿಸಲಿಲ್ಲವೆಂದು ಅವನನ್ನೇ ಬಿಡಿಸಿದ. ಆಳನ್ನು ಎಷ್ಟು ಸಲ ಬದಲಿಸಿದರೇನು, ಗದ್ದೆಯನ್ನು ಬದಲಿಸಿದವನು ಗೌಡನೇ ಅಲ್ಲವೇ?”

“ಹೌದು” ಎಂದರು ಪಂಡಿತರು.

“ಅದು ಸರಿ. ಈಗ ನನ್ನ ಪ್ರಶ್ನೆಗೆ ಬನ್ನಿ. ಸಭೆಗೆ ಹೊತ್ತಾಯಿತು. ಜ್ಞಾನಪ್ರಕಾಶನನ್ನು ಇಟ್ಟುಕೊಳ್ಳಲೋ, ಬಿಡಿಸಲೋ?” ಎಂದು ಆರಾಧ್ಯ ಜೇಬಿನ ಕಾಗದವನ್ನು ಹೊರಗೆ ತೆಗೆದನು.

ಪಂಡಿತರು ಕಾಗದವನ್ನು ನೋಡಲಿಲ್ಲ. ಶಿಷ್ಯನ ಮುಖವನ್ನು ನೋಡಿದರು. ಅವರ ಕಣ್ಣಿನಲ್ಲಿ ಕೋಪವಿರಲಿಲ್ಲ. ಬಿದಿರಿನ ಚೆಂಡು ಕಳೆದುಕೊಂಡು ಬಂದು ನಿಂತ ಹದಿನಾಲ್ಕು ವರ್ಷದವನನ್ನು ನೋಡುತ್ತಿದ್ದಂತೆಯೇ ನೋಡಿದರು.

“ನಿನ್ನ ಪೆವಿಲಿಯನ್ನಿಗೆ ಮೆಟ್ಟಿಲು ಎಷ್ಟು, ಆರಾಧ್ಯ?”

“ಎರಡು” ಎಂದ ಆರಾಧ್ಯ, ಕೈಯಲ್ಲಿದ್ದ ಕಾಗದವನ್ನು ರುಜು ಹಾಕದೆ ಮಡಚಿದನು.