ಕಲ್ಗೋರಿ ಕಾಯ್ದ ಗಾದಿಲಿಂಗ

ಗುಡ್ಡದ ಬುಡದಾಗ ಒಂದು ಊರು. ಅಲ್ಲಿ ಹುಲಿಗೆವ್ವ, ಆಕಿ ಮಗ ಗಾದಿಲಿಂಗ. ಮೈ ಎತ್ತಿನಂಗ, ಬುದ್ಧಿ ಕರುವಿನಂಗ. ಹೇಳಿದ್ದನ್ನ ಹೇಳಿದಷ್ಟೇ ಮಾಡಾಂವ. "ನಾ ಸತ್ತರ ಇವನ ಗತಿ ಏನು" ಅಂತ ಅವ್ವ ದಿನಾ ಅಂಜಾಕಿ.

ಅವರ ಹೊಲದಾಗ ಒಂದು ಕಲ್ಗೋರಿ. ಯಾವುದೋ ಕಾಲದ ಮಂದಿ ಸತ್ತವರಿಗಂತ ಸುತ್ತ ಚಪ್ಪಡಿ ನಿಲ್ಲಿಸಿ, ಮ್ಯಾಲೊಂದು ಮುಚ್ಚಿದ ಮನಿ, ಒಂದು ಕಡೆ ನುಸುಳೋವಷ್ಟು ಬಾಯಿ. ಒಂದಿನ ಕೃಷಿ ಇಲಾಖೆ ಮೇಡಂ ಬಂದರು. "ನೋಡವ್ವಾ, ಹೊಸ ನಿಯಮ ಬಂದೈತಿ. ಗೋರಿ ಸುತ್ತ ನೇಗಿಲು ಹೊಡೀದಂಗ ಬಿಟ್ಟೋರಿಗೆ ಬಿತ್ತೋ ಬೀಜ ಪುಕ್ಕಟೆ. ಕೆಡಿಸಿದರ ಕೇಸು."

ಕೇಸು ಅಂದದ್ದೇ ಹುಲಿಗೆವ್ವ ಮಗನ್ನ ಕರೆದಳು. "ಮಗನ, ಗೋರಿ ಹತ್ರ ನೇಗಿಲು ಒಯ್ಯಬ್ಯಾಡ. ಒಯ್ದರ ಹೊಲ ಹೋಗ್ತದ."

"ಆತವ್ವಾ."

ನೇಗಿಲು ಮನಿಯಾಗ ಬಿಟ್ಟ. ಗುದ್ದಲಿ ಒಯ್ದು ಗೋರಿ ಬುಡಾನೇ ಅಗದ. ಬಾಯಿ ಕಡೆ ಚಪ್ಪಡಿ ವಾಲಿತು. ಅವ್ವ ಗುದ್ದಲಿ ಕಸಗೊಂಡಳು. "ಅಗಿಯೂದೂ ಬ್ಯಾಡೋ ಮಂಕೆ. ಒಳಗಿದ್ದದ್ದು ಒಳಗ ಇರಬೇಕು."

"ಆತವ್ವಾ."

ಮರುದಿನ ಬಿಸಿಲಿಗೆ ಕರು ಗೋರಿಯೊಳಗ ಹೊಕ್ಕಿತು. ಗಾದಿಲಿಂಗ ಬಾಯಿಗೆ ಕಲ್ಲು ಒಟ್ಟಿ ಕುಂತ. ಕರು ಒದರಿ ಒದರಿ ದನಿ ಸಣ್ಣಾತು. ಬುತ್ತಿ ತಂದ ಅವ್ವ ಓಡಿಬಂದು ಕಲ್ಲು ಕಿತ್ತು ಅದನ್ನ ಹೊರಗೆಳೆದಳು. "ಹೊಸದಾಗಿ ಹೊಕ್ಕದ್ದನ್ನ ಹೊರಗ ಹಾಕೋ. ಹಳೇದನ್ನಷ್ಟೇ ಕದಲಿಸಬ್ಯಾಡ."

"ಆತವ್ವಾ."

ಮೇಡಂ ನೋಡಾಕ ಬರೋ ದಿನ ಬಂತು. ಅವ್ವ ಅಂಜಿಕೋತ ಮಗನ್ನ ಕರಕೊಂಡು ಹೊಲಕ್ಕ ಬಂದಳು. ಕರು ಹಾಕಿದ್ದ ಸಗಣಿ ತಗದು ಹಸನ ಮಾಡಾಕ ಗೋರಿಯೊಳಗ ನುಸುಳಿದಳು. ವಾಲಿದ ಚಪ್ಪಡಿ ಜಾರಿ ಬಾಯಿ ಮುಚ್ಚಿತು. ಕೈ ಹೋಗೋವಷ್ಟು ಸಂದಿ ಉಳೀತು.

"ಗಾದ್ಯಾ, ಕಲ್ಲು ಸರಸೋ. ಉಸಿರು ಕಟ್ಟತೈತಿ."

ಅಂವ ಸಂದಿಯಾಗ ಇಣುಕಿದ. "ಯವ್ವಾ, ನೀ ಹೊಸದೋ, ಹಳೇದೋ?"

"ಹಲ್ಲು ಉದುರಿದ ಮುದುಕಿ ಅದೀನಲ್ಲೋ. ತೆಗಿಯೋ."

"ಹಂಗಾರ ಹಳೇದು" ಅಂದು ಚಪ್ಪಡಿಗೆ ಬೆನ್ನು ಕೊಟ್ಟು ಕುಂತ. ಒಳಗ ಅವ್ವ ಕಲ್ಲು ಕೆರಕೋತ ನರಳಿದಳು.

ಮೇಡಂ ಬಂದರು. ನರಳೋದು ಕೇಳಿ ಗೋರಿ ಹತ್ರ ಓಡಿದರು. "ಒಳಗ ಯಾರಪಾ?"

"ಹಳೇದು ರೀ. ಚೂರೂ ಕದಲಿಸಿಲ್ಲ."

ಮೇಡಂ ಕೂಗಿದ್ದಕ್ಕ ಬಾಜೂ ಹೊಲದ ಮಂದಿ ಓಡಿಬಂದರು. ಗಾದಿಲಿಂಗನ್ನ ಅತ್ತ ಎಳೆದು, ಚಪ್ಪಡಿ ಸರಿಸಿ, ಮುದುಕಿನ ಹೊರಗ ತಂದು ಮಲಗಿಸಿದರು. ಜೀವ ಇತ್ತು, ಮಾತು ಇರಲಿಲ್ಲ.

ಮಂದಿ ನೀರಿಗಂತ ಅತ್ತ ತಿರುಗಿದ್ದೇ, ಗಾದಿಲಿಂಗ ಅಳಕೋತ ಅವ್ವನ್ನ ಎರಡೂ ಕೈಲೆ ಎತ್ತಿಕೊಂಡು ಮತ್ತ ಗೋರಿ ಕಡೆ ನಡೆದ. ಮೇಡಂ ಅಡ್ಡ ನಿಂತರು.

"ದಾರಿ ಬಿಡ್ರಿ," ಅಂದ, "ಹೊಲ ಹೋಗ್ತದ ಅಂತ ನಮ್ಮವ್ವ ಬಾಳ ಅಂಜ್ಯಾಳ್ರಿ."