ಟವೆಲ್ ಕೆಳಗಿನ ಪಗಾರ

"ಯಣ್ಣಾ, ಗೌಂಡಿ ಶೆಟ್ಟೆಪ್ಪನ ಕಟ್ಟಡ ಎಲ್ಲಿ ಬರತೈತಿ?" ಅಂತ ಫಕೀರವ್ವ ಕೇಳಿದ್ದು ಹಳ್ಳದ ನಟ್ಟನಡುವೆ ನಿಂತು. ಕದ್ದು ಮರಳು ತುಂಬುತ್ತಿದ್ದವರು ಸಲಿಕೆಗಳನ್ನು ಬೆನ್ನ ಹಿಂದೆ ಮಾಡಿಕೊಂಡರು. ಕಟ್ಟಡ ಹುಡುಕಿಕೊಂಡು ಹಳ್ಳಕ್ಕಿಳಿದವರನ್ನು ಯಾರು ನಂಬುತ್ತಾರೆ? "ನಿಮ್ಮನ್ನ ಯಾರು ಕಳಿಸ್ಯಾರ, ಅದನ್ನ ಹೇಳು ಮೊದಲ," ಅಂದ ಅವರಲ್ಲೊಬ್ಬ.

ಯಾರೂ ಕಳಿಸಿರಲಿಲ್ಲ. ಜೊತೆಗಿದ್ದವನು ಅವಳ ಮಗ ಮುದಕಪ್ಪ. ಹೆಸರು ಮುದಕಪ್ಪ, ವಯಸ್ಸು ಹತ್ತೊಂಬತ್ತು, ಬುದ್ಧಿ ಇನ್ನೂ ಬರಬೇಕಿತ್ತು. ಮರಳಿನ ಲಾರಿ ಹಿಂದೆ ನಡೆದರೆ ಕಟ್ಟಡ ಸಿಗುತ್ತದೆ ಅಂತ ಅವ್ವ ಹೇಳಿದ್ದಳು. ಅವನು ಲಾರಿ ಹಿಂದೆ ನಡೆದ. ಲಾರಿ ಖಾಲಿಯಾಗಿತ್ತು, ಅಷ್ಟೇ.

ಶೆಟ್ಟೆಪ್ಪನ ಹತ್ತಿರ ಮಗ ಗೋಡೆ ಕಟ್ಟುವ ಗೌಂಡಿ ಕೆಲಸ ಕಲಿಯಬೇಕು, ಅವ್ವ ಬುಟ್ಟಿ ಹೊರಬೇಕು, ಇದು ಲೆಕ್ಕ. ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಅವಳ ಕುತ್ತಿಗೆ ಆ ಕಡೆ ಈ ಕಡೆ ತಿರುಗುತ್ತಿರಲಿಲ್ಲ. ಮಗನಿಗೆ ದಿನಕ್ಕೆ ಮುನ್ನೂರು ಬಿದ್ದರೆ ಬುಟ್ಟಿ ಇಳಿಸಬಹುದು. ಇನ್ನೂರಾದರೆ ಇನ್ನೊಂದು ವರ್ಷ ಹೊರಲೇಬೇಕು, ಯಾಕೆಂದರೆ ಶೆಟ್ಟೆಪ್ಪ ಒಮ್ಮೆ ಕಟ್ಟಿದ ಪಗಾರ ವರ್ಷ ತುಂಬುವವರೆಗೆ ಅಲ್ಲಾಡುತ್ತಿರಲಿಲ್ಲ.

ಇದನ್ನೆಲ್ಲ ಅವಳು ಹಳ್ಳದವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಮುದಕಪ್ಪ ಒಬ್ಬನ ಸಲಿಕೆ ಇಸಿದುಕೊಂಡು ಅರ್ಧ ಲಾರಿ ತುಂಬಿಸಿದ್ದ. ಹಳ್ಳದವರಿಗೆ ಸಂಶಯ ಇನ್ನೂ ಹೆಚ್ಚಾಯಿತು. ಬೇಗ ಬೇಗ ದಾರಿ ತೋರಿಸಿ ಸಾಗಹಾಕಿದರು.

"ಪುಕ್ಕಟೆ ದುಡಿತೀಯೇನಲೇ?" ದಾರಿಯುದ್ದಕ್ಕೂ ಅವ್ವ ಬೈದಳು. "ಪಗಾರ ಗೊತ್ತಾಗೋತನಕ ಕೈ ಕಟಗೊಂಡು ನಿಂದ್ರು."

"ಹೂಂ ಯವ್ವಾ," ಅಂದ ಮುದಕಪ್ಪ.

ಶೆಟ್ಟೆಪ್ಪ ಗೌಂಡಿ ಆಗುವ ಮೊದಲು ಎತ್ತಿನ ದಲಾಲಿ ಮಾಡಿದವನು. ಕಸಬು ಬಿಟ್ಟರೂ ಟವೆಲ್ ಬಿಟ್ಟಿರಲಿಲ್ಲ. ಕಲಿಯಲು ಬಂದ ಹುಡುಗರ ಪಗಾರವನ್ನು ಟವೆಲ್ ಕೆಳಗೇ ಕಟ್ಟುತ್ತಿದ್ದ. ಇಬ್ಬರ ಕೈ ಮೇಲೆ ಟವೆಲ್ ಮುಚ್ಚಿ, ಕೆಳಗೆ ಹುಡುಗನ ಕೈಗೆ ಬೆರಳು ಕೊಡುವುದು. ಒಂದು ಬೆರಳಿಗೆ ನೂರು ರೂಪಾಯಿ. ಆಮೇಲೆ ಕಿವಿಯಲ್ಲಿ, ನಿನಗಷ್ಟೇ ಜಾಸ್ತಿ ಕೊಟ್ಟೇನಿ, ಯಾರ ಮುಂದೂ ಬಾಯಿಬಿಡಬ್ಯಾಡ ಅನ್ನುವುದು. ಈ ಟವೆಲ್ ವ್ಯಾಪಾರವನ್ನು ನಾನು ಎಷ್ಟೋ ಊರಿನ ಸಂತೆಗಳಲ್ಲಿ ಕಂಡಿದ್ದೇನೆ. ಕೊಳ್ಳುವವನಿಗೆ ಬೆಲೆ ಗೊತ್ತು, ಮಾರುವವನಿಗೆ ಗೊತ್ತು. ಗೊತ್ತಿಲ್ಲದ್ದು ಎತ್ತಿಗೆ ಮಾತ್ರ.

ಇವರು ಕಟ್ಟಡ ಮುಟ್ಟಿದ ಕೂಡಲೇ ಶೆಟ್ಟೆಪ್ಪ ಟವೆಲ್ ಬಿಡಿಸಿ, ಕೈ ತಾ ಅಂದ. ಮುದಕಪ್ಪ ಕೈ ಕಟ್ಟಿಕೊಂಡು ನಿಂತ.

"ಪಗಾರ ಗೊತ್ತಾಗಬೇಕಾದ್ರ ಕೈ ತರಬೇಕೋ ತಮ್ಮಾ."

"ಕೈ ತರಬೇಕಾದ್ರ ಪಗಾರ ಗೊತ್ತಾಗಬೇಕು ಕಾಕಾ."

ಹೀಗೇ ಮಧ್ಯಾಹ್ನವಾಯಿತು. ಕೈ ಕಟ್ಟಿಕೊಂಡು ಕಟ್ಟಡವನ್ನೇ ದಿಟ್ಟಿಸುವ ಇವನು ಲೇಬರ್ ಆಫೀಸಿನ ಪೈಕಿ ಇರಬಹುದೇ ಅಂತ ಶೆಟ್ಟೆಪ್ಪನ ತಲೆಗೆ ಹುಳ ಹೊಕ್ಕಿತು. ನಾಳೆ ಬಾ ಅಂದುಬಿಟ್ಟ.

ಅವ್ವ ಹಣೆ ಹಣೆ ಬಡಿದುಕೊಂಡಳು. ಅವಳಿಗೆ ಶೆಟ್ಟೆಪ್ಪನ ಬೆರಳಿನ ಮೇಲೂ ನಂಬಿಕೆ ಇರಲಿಲ್ಲ, ಮಗನ ಎಣಿಕೆಯ ಮೇಲೂ ಇರಲಿಲ್ಲ. "ನಾಳೆ ಕೈ ಹಾಕು. ಸಿಕ್ಕ ಬೆರಳು ಗಟ್ಟಿ ಹಿಡಿ. ನಾ ಬಂದು ಎಣಸೋತನಕ ಬಿಡಬ್ಯಾಡ."

"ಹೂಂ ಯವ್ವಾ."

ಮರುದಿನ ಮುದಕಪ್ಪ ಕೈ ಹಾಕಿದ. ಸಿಕ್ಕದ್ದನ್ನು ಹಿಡಿದ. ಅವ್ವ ಬುಟ್ಟಿ ಹೊತ್ತು ಮೂರನೇ ಮಾಳಿಗೆಯಲ್ಲಿದ್ದಳು. ಬಿಡು ಅಂದ ಶೆಟ್ಟೆಪ್ಪ. ಅವ್ವ ಬರಲಿ ಅಂದ ಇವನು. ಶೆಟ್ಟೆಪ್ಪ ಎದ್ದ, ಇವನೂ ಎದ್ದ. ಶೆಟ್ಟೆಪ್ಪ ಚಹಾಕ್ಕೆ ಹೋದ, ಇವನೂ ಹೋದ. ಶೆಟ್ಟೆಪ್ಪ ಜಾಡಿಸಿ ಎಳೆದ, ಟವೆಲ್ ಪರ್ ಅಂತ ಹರಿಯಿತು. ಮುದಕಪ್ಪನ ಮುಷ್ಟಿಯಲ್ಲಿ ಶೆಟ್ಟೆಪ್ಪನ ಎರಡು ಬೆರಳು. ಇಡೀ ಕಟ್ಟಡ ನೋಡಿತು.

"ನಿನಗ ಎರಡೇನು?" ಅಂದ ಕಲಿಯಲು ಬಂದಿದ್ದ ಕಾಶೀಮ. "ನನಗ ಒಂದ ಕೊಟ್ಟು, ನಿನಗಷ್ಟೇ ಜಾಸ್ತಿ ಅಂದಿದ್ದ." ಕಲಿಯಲು ಬಂದಿದ್ದ ಇನ್ನೊಬ್ಬ ಹುಡುಗ ಯಮನೂರ ಬುಟ್ಟಿ ಎತ್ತಿಕೊಂಡು ಹೊರಟ. ಎಲ್ಲರೂ ಅವನ ಕಡೆ ತಿರುಗಿದರು. ಮೂರು ಅಂತ ಕೊನೆಗೆ ಒಪ್ಪಿಕೊಂಡ. ಅವತ್ತು ಯಾರೂ ಯಾರನ್ನೂ ನಂಬದೆ ಬುತ್ತಿ ಉಂಡರು. ಸಂಜೆ ಮೂವರನ್ನೂ ಒಟ್ಟಿಗೆ ನಿಲ್ಲಿಸಿ ಹೊಸದಾಗಿ ಪಗಾರ ಕಟ್ಟಬೇಕು ಅಂತ ಆಳುಗಳು ಹಟ ಹಿಡಿದರು. ಶೆಟ್ಟೆಪ್ಪ, ಟವೆಲ್ ಇಲ್ಲದೆ ಪಗಾರದ ಮಾತಿಲ್ಲ, ಹರಿದವನ ಅವ್ವ ಮೊದಲು ಹೊಸದು ತರಲಿ ಅಂದ.

ಫಕೀರವ್ವನ ಹತ್ತಿರ ಇದ್ದದ್ದು ಎಷ್ಟು? ಇದ್ದುದರಲ್ಲೇ ಅಗ್ಗದ್ದು, ತೆಳ್ಳನೆಯ ಬಿಳಿ ಟವೆಲ್ ತಂದಳು. "ನಾಳೆ ನಿನ್ನ ಬುದ್ಧಿ ಬ್ಯಾಡ, ನನ್ನ ಬುದ್ಧೀನೂ ಬ್ಯಾಡ," ಅಂದಳು ಮಗನಿಗೆ. "ಗೌಂಡಿ ಹೇಳಿದಂಗ ಮಾಡು."

ಬೆಳಿಗ್ಗೆ ಮುದಕಪ್ಪ ಒಣ ಇಟ್ಟಿಗೆ ಎತ್ತಿಕೊಟ್ಟ. ಶೆಟ್ಟೆಪ್ಪ ಎಗರಿಬಿದ್ದ. "ಒಣಾ ಇಟ್ಟಂಗಿ ಸಿಮೆಂಟ್ ಗಿಲಾವ ಹಿಡಿತೈತೇನಲೇ? ನನ್ನ ಕೈಗೆ ಏನು ಕೊಟ್ಟರೂ ನೀರಾಗ ನೆನಸಿ ಕೊಡು."

"ಹೂಂ ಕಾಕಾ."

ಅಷ್ಟರಲ್ಲಿ ಅವ್ವ ಬಂದು, ಇದನ್ನ ಗೌಂಡಿ ಕೈಗೆ ಕೊಡು ಅಂತ ಹೊಸ ಟವೆಲ್ ಕೊಟ್ಟಳು. ಮುದಕಪ್ಪ ಅದನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದ. ಗುಳ್ಳೆ ನಿಲ್ಲುವವರೆಗೂ ಕಾದ. ತೊಟ್ಟಿಕ್ಕುವ ಟವೆಲನ್ನು ಎಲ್ಲರೆದುರು ಶೆಟ್ಟೆಪ್ಪನ ಕೈಗಿಟ್ಟ.

ಟವೆಲ್ ಬಂದ ಮೇಲೆ ಇಲ್ಲ ಅನ್ನುವಂತಿರಲಿಲ್ಲ. ಶೆಟ್ಟೆಪ್ಪ ಹಲ್ಲು ಕಚ್ಚಿ ಅದನ್ನೇ ಹೊದಿಸಿ, ಕೆಳಗೆ ಕಾಶೀಮನ ಕೈ ಹಿಡಿದ. ಒದ್ದೆ ಬಟ್ಟೆ ಬೆರಳಿಗೆ ಅಂಟಿ, ಒಳಗಿನದೆಲ್ಲ ಹೊರಗೇ ಕಂಡಿತು. ಒಂದು ಬೆರಳು ಚಾಚಿದ. ಮೂವತ್ತು ಜನ ಒಂದು ಅಂದರು. ಎರಡು ಚಾಚಿದ, ಎರಡು ಅಂದರು. ಮೂರು ಪಡೆಯುತ್ತಿದ್ದ ಯಮನೂರನ ಕಡೆ ನೋಡಿದ. ಮೂರನೆಯದು ತಾನಾಗಿ ಎದ್ದಿತು. ಮೂವರಿಗೂ ಮೂರೇ ಆಯಿತು.

ಫಕೀರವ್ವ ತಲೆ ಮೇಲಿನ ಬುಟ್ಟಿ ಇಳಿಸಿದಳು. ಶೆಟ್ಟೆಪ್ಪ ಅವಳನ್ನು ಓರೆಗಣ್ಣಿಂದ ನೋಡಿ, ಖರೇ ಹೇಳು, ಇದು ಮಗನ ಬುದ್ಧಿಯೋ ನಿನ್ನದೋ ಅಂತ ಕೇಳಿದ.

"ಅವಗ ಅಷ್ಟ ಬುದ್ಧಿ ಇದ್ದಿದ್ರ ನಾಕ ಬೆರಳು ಕೇಳ್ತಿದ್ದೆ," ಅಂದಳು. ಟವೆಲ್ ಇಸಿದುಕೊಂಡು ನೀರೆಲ್ಲ ಹಿಂಡಿದಳು, ಝಾಡಿಸಿ ಅವನ ಹೆಗಲಿಗೆ ಹಾಕಿದಳು. "ತಗೊ ಯಣ್ಣಾ, ನಿನ್ನ ಟವೆಲ್ ನಿನಗ ಮುಟ್ಟಿತು."