ತಟ್ಟೆಗೆ ಅಡ್ಡ ಹಿಡಿದ ಕೈ

"ಅಜ್ಜಾರ, ನೇಮಾ ಕೆಡಸೋರು ಆಗದವರಾದ್ರ ಬಾಗಲಾ ಹಾಕ್ಕೋಬಹುದು. ಪ್ರೀತಿಲೇ ಬಂದು ಕೆಡಸೋರಿಗೆ ಏನ್ ಮಾಡಬೇಕ್ರಿ?"

ಕೇಳಿದವನು ಗದಿಗಯ್ಯ, ಮಠದಲ್ಲಿ ಗುರುಗಳ ಬಳಿ ಇದ್ದು ಕಲಿಯುತ್ತಿದ್ದ ಶಿಷ್ಯ. ಬೆಳಗಿನ ಪೂಜೆಯಾದ ಮೇಲೆ ಸ್ವಲ್ಪ ಹೊತ್ತು ಯಾರೊಡನೆಯೂ ಮಾತಾಡದೆ ಕೂರಬೇಕೆಂದು ಅವನು ನೇಮ ಹಿಡಿದಿದ್ದ. ಸರಿಯಾಗಿ ಅದೇ ಹೊತ್ತಿಗೆ ಭಕ್ತರು ಬರುತ್ತಿದ್ದರು. ಮಗಳಿಗೆ ಗಂಡು ಗೊತ್ತಾದ ಸುದ್ದಿ, ಎಮ್ಮೆ ಕರು ಹಾಕಿದ ಸುದ್ದಿ ಎಲ್ಲವನ್ನೂ ಮೊದಲು ಅವನಿಗೇ ಹೇಳಬೇಕು ಅವರಿಗೆ. ಇಷ್ಟು ಅಕ್ಕರೆಯಿಂದ ಬಂದವರನ್ನು ಹೇಗೆ ಕಳಿಸುವುದೆಂದು ಗದಿಗಯ್ಯ ಮಾತಿಗೆ ಕೂರುತ್ತಿದ್ದ. ಅವರು ಹೋದ ಮೇಲೆ ಇಡೀ ದಿನ ಒಳಗೊಳಗೇ ಕುದಿಯುತ್ತಿದ್ದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಬ್ಬ ವ್ಯಾಪಾರಿಯ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಮೈ ಬಹಳ ದಪ್ಪ. ಅಂಗಡಿಯ ಗಾದಿಯ ಮೇಲೆ ಕೂತರೆ ತನ್ನನ್ನು ಎಬ್ಬಿಸಲು ಇಬ್ಬರು ಬೇಕೆಂದು ತಾನೇ ಹೇಳಿ ಗಿರಾಕಿಗಳನ್ನು ನಗಿಸುತ್ತಿದ್ದ. ಬರಬರುತ್ತಾ ಆ ಮಾತಿಗೆ ಅವನಿಗೇ ನಗು ಬರದಾಯಿತು. ಮೊಣಕಾಲು ಸೋತವು. ಸಕ್ಕರೆ ಕಾಯಿಲೆ ಬಂತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೈ ಇಳಿಸಬೇಕೆಂದು ಅವನು ಮಾಡದ ಉಪವಾಸವಿಲ್ಲ. ಉಪವಾಸದ ಮರುದಿನ ಎರಡು ದಿನದ ಊಟವನ್ನು ಒಮ್ಮೆಗೇ ಉಂಡು ಲೆಕ್ಕ ಸರಿಮಾಡಿಕೊಳ್ಳುತ್ತಿದ್ದ. ಕೊನೆಗೆ ಪಟ್ಟಣದ ಆಸ್ಪತ್ರೆಯ ವೈದ್ಯೆ ಅವನನ್ನು ಪರೀಕ್ಷಿಸಿ, ಹೀಗೇ ಬಿಟ್ಟರೆ ಹೃದಯ ಬಹಳ ಕಾಲ ತಾಳುವುದಿಲ್ಲ ಎಂದರು. ಅವನು ಹೆದರಿ ಶಸ್ತ್ರಚಿಕಿತ್ಸೆಗೆ ಒಪ್ಪಿದ. ಅವರು ಅವನ ಹೊಟ್ಟೆಯ ಬಹುಭಾಗವನ್ನು ಕತ್ತರಿಸಿ ತೆಗೆದು, ಸಣ್ಣ ಚೀಲದಷ್ಟು ಮಾತ್ರ ಉಳಿಸಿದರು.

ಮನೆಗೆ ಕಳಿಸುವಾಗ ವೈದ್ಯೆ, ನಾನು ಮಾಡುವುದು ಅರ್ಧ ಕೆಲಸ, ಉಳಿದದ್ದು ನಿಮ್ಮ ಊಟದ ಮೇಲಿದೆ ಎಂದಿದ್ದರು. ಇನ್ನು ಮೇಲೆ ಸ್ವಲ್ಪವೇ ಉಣ್ಣಬೇಕು, ಚೆನ್ನಾಗಿ ಅಗಿಯಬೇಕು. ಕಾಳು, ಬೇಳೆ, ಮೊಸರು ಮೊದಲು ಹೋಗಬೇಕು. ಊಟದ ಜೊತೆಗೆ ನೀರು ಕುಡಿಯಬಾರದು. ಸಾಕೆನಿಸಿದ ಮೇಲೆ ಒಂದು ತುತ್ತೂ ಕೂಡದು. ವ್ಯಾಪಾರಿ ಎಲ್ಲದಕ್ಕೂ ತಲೆಯಾಡಿಸಿ ಬಂದಿದ್ದ.

ಮನೆಯಲ್ಲಿ ಅವನೂ ಅವನ ತಾಯಿಯೂ ಇಬ್ಬರೇ. ಮೊದಮೊದಲು ಗಂಜಿಯ ತಿಳಿ ಮಾತ್ರ ಕುಡಿಯಬೇಕಿತ್ತು. ತಾಯಿ ಅದನ್ನು ಚಮಚದಲ್ಲಿ ಅಳೆದು ಅಳೆದು ಕೊಟ್ಟಳು. ವೈದ್ಯೆ ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚು ಕೊಡಲಿಲ್ಲ. ಮೈ ಇಳಿಯಿತು. ವ್ಯಾಪಾರಿ ಯಾರ ಕೈಯನ್ನೂ ಹಿಡಿಯದೆ ಅಂಗಡಿಯ ಅಟ್ಟ ಹತ್ತಿ ಸೀರೆಯ ಗಂಟು ಇಳಿಸಿಕೊಂಡು ಬಂದ. ಆ ದಿನ ಅವನಿಗಾದ ಸಂತೋಷ ಇಷ್ಟಿಷ್ಟಲ್ಲ. ಆಮೇಲೆ ವೈದ್ಯೆ, ಇನ್ನು ಮನೆಯ ಊಟವನ್ನೇ ಸ್ವಲ್ಪ ಸ್ವಲ್ಪ ಮಾಡಬಹುದು ಎಂದರು. ತಾಯಿ ಮಗನ ಕಾಯಿಲೆಯೇ ಮುಗಿಯಿತೆಂದು ತಿಳಿದು, ತಟ್ಟೆ ತೊಳೆದಿಟ್ಟು ಸೌಟು ಹಿಡಿದು ನಿಂತಳು.

ಆ ಮನೆಯ ಪದ್ಧತಿ ಕೇಳು. ತಟ್ಟೆಗೆ ಬಿದ್ದದ್ದು ಪ್ರಸಾದ. ಅದರಲ್ಲಿ ಒಂದು ಅಗುಳನ್ನೂ ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಯನ್ನು ನೀರಿನಿಂದ ತೊಳೆದು ಆ ನೀರನ್ನೂ ಕುಡಿಯಬೇಕು. ವ್ಯಾಪಾರಿ ಇದನ್ನು ಕಲಿತದ್ದು ತಂದೆಯ ತೊಡೆಯ ಮೇಲೆ ಕೂತು. ಅಂಗಡಿಯಲ್ಲಿ ಗಜಕೋಲಿನ ತುದಿಯಲ್ಲಿ ಒಂದೆರಡು ಬೆರಳು ಆಚೀಚೆ ಮಾಡಿದವನೇ ಹೊರತು, ಊಟದ ತಟ್ಟೆಯಲ್ಲಿ ಎಂದೂ ತಪ್ಪಿದವನಲ್ಲ.

ತಾಯಿ ಎರಡು ರೊಟ್ಟಿ ಹಾಕುತ್ತಿದ್ದಳು, ಮೇಲೆ ಮಡಕೆಕಾಳಿನ ಪಲ್ಯ, ಅದರ ಹಿಂದೆಯೇ ಅನ್ನ, ಅನ್ನದ ಮೇಲೆ ತುಪ್ಪ. ಅವನ ಹೊಸ ಹೊಟ್ಟೆ ಅರ್ಧ ರೊಟ್ಟಿಗೇ ಕೈಮುಗಿಯುತ್ತಿತ್ತು. ಉಳಿದದ್ದನ್ನು ಬಿಟ್ಟೇಳುವುದು ಹೇಗೆ? ಎದೆ ಬಿಗಿದರೂ ಕಣ್ಣಲ್ಲಿ ನೀರು ಬಂದರೂ ಅವನು ತಟ್ಟೆ ಖಾಲಿ ಮಾಡುತ್ತಿದ್ದ. ಮೇಲೆ ತಟ್ಟೆ ತೊಳೆದ ನೀರು. ಆಮೇಲೆ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಎಲ್ಲವನ್ನೂ ನುಗ್ಗೆಗಿಡದ ಬುಡಕ್ಕೆ ಕಾರುತ್ತಿದ್ದ. ಪ್ರಸಾದ ತಟ್ಟೆಯಲ್ಲಿ ಉಳಿಯಲಿಲ್ಲವೆಂಬ ಸಮಾಧಾನ ಅವನಿಗೆ. ಆ ವರ್ಷ ನುಗ್ಗೆಗಿಡ ಮಾತ್ರ ಬಹಳ ಚೆನ್ನಾಗಿ ಬಂತು.

ಮುಖ ತೊಳೆದು, ನಾಲ್ಕು ಜೀರಿಗೆ ಬಾಯಿಗೆ ಹಾಕಿಕೊಂಡು ಒಳಗೆ ಬಂದು, "ಊಟ ಚಲೋ ಆಗಿತ್ತವ್ವಾ" ಎನ್ನುತ್ತಿದ್ದ. ಮರುದಿನ ತುಪ್ಪ ಇನ್ನಷ್ಟು ಬೀಳುತ್ತಿತ್ತು.

ಕಾರಿಕೊಂಡವನಿಗೆ ಅಂಗಡಿಗೆ ಹೋಗುವ ಹೊತ್ತಿಗೆ ಹಸಿವು. ಗಟ್ಟಿಯಾದದ್ದು ತಿನ್ನಲು ಹೆದರಿಕೆ. ಹೀಗಾಗಿ ಗಂಟಲಲ್ಲಿ ಸುಲಭವಾಗಿ ಇಳಿಯುವುದನ್ನೇ ಹುಡುಕತೊಡಗಿದ. ಸಕ್ಕರೆ ಹಾಕಿದ ಚಹಾ ಇಳಿಯಿತು, ಬಾದಾಮಿ ಹಾಲು ಇಳಿಯಿತು, ಪೇಢೆ ಬಾಯಲ್ಲಿ ಇಟ್ಟರೆ ತಾನೇ ಕರಗಿತು. ಗಿರಾಕಿಗಳ ನಡುವೆ ನಿಂತೇ ತಿಂದದ್ದು ಊಟವೆಂದು ಅವನಿಗೆ ಅನಿಸಲಿಲ್ಲ. ಅವನ ಮೈಗೆ ಅನಿಸಿತು. ಇಳಿಯುತ್ತಿದ್ದ ತೂಕ ನಿಂತಿತು, ಆಮೇಲೆ ಮೆಲ್ಲಗೆ ಏರಿತು.

ತೋರಿಸಿಕೊಳ್ಳಲು ಬರಬೇಕೆಂದು ವೈದ್ಯೆ ಹೇಳಿದ್ದ ದಿನಗಳನ್ನೆಲ್ಲ ಅವನು ನಾಚಿಕೆಯಿಂದ ತಪ್ಪಿಸಿದ. ಒಂದು ದಿನ ಅಟ್ಟ ಹತ್ತುವಾಗ ನಡುವೆಯೇ ಉಸಿರು ನಿಂತಂತಾಗಿ ಏಣಿ ಹಿಡಿದುಕೊಂಡು ನಿಂತ. ತನ್ನ ಹೊಟ್ಟೆ ಹಿಗ್ಗಿ ಮೊದಲಿನಂತಾಗಿದೆ, ಒಳಗಿನ ಹೊಲಿಗೆ ಬಿಚ್ಚಿದೆ, ದೇವರು ಕೊಟ್ಟ ಎರಡನೆಯ ಆಯುಷ್ಯವನ್ನು ತಾನೇ ಹಾಳು ಮಾಡಿಕೊಂಡೆ ಎಂದು ಅವನಿಗೆ ಖಾತ್ರಿಯಾಯಿತು. ಇಳಿದವನೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದ.

ವೈದ್ಯೆ ಒಳಗೆಲ್ಲ ನೋಡಿಸಿದರು. ಏನೂ ಕೆಟ್ಟಿರಲಿಲ್ಲ. ಹೊಲಿಗೆ ಗಟ್ಟಿಯಾಗಿತ್ತು, ಹೊಟ್ಟೆ ಅವರು ಮಾಡಿಟ್ಟಷ್ಟೇ ಇತ್ತು. ಅದನ್ನು ಕೇಳಿ ಆ ದೊಡ್ಡ ಮನುಷ್ಯ ಬೆಂಚಿನ ಮೇಲೆ ಕೂತು ಮಗುವಿನಂತೆ ಅತ್ತ. ಅತ್ತು ಮುಗಿಸಿ, ತಟ್ಟೆಯ ವಿಷಯವನ್ನೂ ಹಿತ್ತಲಿನ ವಿಷಯವನ್ನೂ ಪೇಢೆಯ ವಿಷಯವನ್ನೂ ಬಿಚ್ಚಿ ಹೇಳಿದ. ವೈದ್ಯೆ ನಗಲಿಲ್ಲ.

"ನಾನೂ ತಾಟು ತೊಳದು ಕುಡಿಯೋ ಮನಿಯಾಕಿನೇ," ಎಂದರು. "ತಾಟಿನ್ಯಾಗ ಬಿಡಬಾರದು ಅಂತ ಹಿರ್ಯಾರು ಹೇಳ್ಯಾರ, ಖರೇ. ತಾಟಿಗೆ ಬೀಳೂಕಿಂತ ಮೊದಲ ಸಾಕು ಅನಬಾರದು ಅಂತ ಯಾರ ಹೇಳ್ಯಾರ್ರಿ?"

ವ್ಯಾಪಾರಿ ಯೋಚಿಸಿದ. "ಯಾರೂ ಹೇಳಿಲ್ರಿ," ಎಂದ.

"ಹಂಗಾರ ಅಲ್ಲೇ ಅನ್ರಿ. ಸಣ್ಣ ತಾಟು ತಗೋರಿ. ತೊಳಿಯಾಕ ಒಂದ ಗುಟುಕು ನೀರು ಸಾಕು."

ಹೊಟ್ಟೆ ನೆಟ್ಟಗಿದೆ ಎಂಬ ಒಂದೇ ಮಾತನ್ನು ಮನಸ್ಸಿನಲ್ಲಿ ತಿರುಗಿಸುತ್ತಾ ವ್ಯಾಪಾರಿ ಬಸ್ಸಿನಲ್ಲಿ ತನ್ನಷ್ಟಕ್ಕೇ ನಕ್ಕ. ಪಕ್ಕದಲ್ಲಿದ್ದವನು ಸ್ವಲ್ಪ ಸರಿದು ಕೂತ. ಆದರೆ ಊರು ಹತ್ತಿರವಾದಂತೆ ಅವನ ನಗು ಇಳಿಯಿತು. ಹೊಟ್ಟೆ ಕೊಯ್ಯಿಸಿಕೊಳ್ಳಲು ಧೈರ್ಯ ಮಾಡಿದವನು ಅವನು. ತಾಯಿಯ ಸೌಟಿನ ಮುಂದೆ ಸಾಕು ಎಂದು ಹುಟ್ಟಿದಾಗಿನಿಂದ ಒಮ್ಮೆಯೂ ಅಂದವನಲ್ಲ.

ತಾಯಿ ಅಂದು ಗೋಧಿ ಹುಗ್ಗಿ ಮಾಡಿದ್ದಳು. ಮಗ ಸಣ್ಣ ತಟ್ಟೆ ಇಟ್ಟುಕೊಂಡು ಕೂತದ್ದನ್ನು ನೋಡಿಯೂ ನೋಡದವಳಂತೆ ಸೌಟು ತುಂಬಿಕೊಂಡು ಬಂದಳು. ವ್ಯಾಪಾರಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಬ್ಯಾಡವ್ವಾ, ಹುಗ್ಗಿ ಬ್ಯಾಡ. ಒಂದೆರಡು ಚಮಚ ಕಾಳಿನ ಪಲ್ಯ ಹಾಕು, ಒಂದು ಚೂರು ರೊಟ್ಟಿ ಕೊಡು, ಸಾಕು. ಅದಕ್ಕಿಂತ ಹೆಚ್ಚು ನನ್ನ ಹೊಟ್ಟ್ಯಾಗ ನಿಂದ್ರಂಗಿಲ್ಲ. ಇಷ್ಟು ದಿನಾ ಉಂಡಿದ್ದೆಲ್ಲಾ ಹಿತ್ತಲದಾಗ ಕಾರತಿದ್ದೆ."

ತಾಯಿ ಸೌಟು ಹಿಡಿದುಕೊಂಡೇ ಅಲ್ಲೇ ನೆಲದ ಮೇಲೆ ಕೂತಳು.

"ನನಗ ದಿನಾ ಕೇಳಸ್ತಿತ್ತು," ಎಂದಳು. "ನನ್ನ ಕೈ ಅಡಿಗಿ ನಿನಗ ಸೇರವಲ್ದು ಅಂತ ತಿಳದಿದ್ದೆ. ರುಚಿ ಆದ್ರ ಒಳಗ ನಿಂತೀತು ಅಂತ ತುಪ್ಪ ಹೆಚ್ಚ ಹಾಕ್ಕೋತ ಬಂದೆ. ಮೊದಲ ಹೇಳಬಾರದೇನೋ, ಮೂಳ."

ಮೂಳ ಎಂದು ಬೈಸಿಕೊಂಡು ಅಷ್ಟು ಹಗುರಾದವರು ಯಾರೂ ಇರಲಾರರು. ವ್ಯಾಪಾರಿ ನಕ್ಕ, ತಾಯಿಯೂ ನಕ್ಕಳು. ಅವಳು ಎರಡು ಚಮಚ ಪಲ್ಯ ಹಾಕಿ, ಮೂರನೆಯದನ್ನು ಹಾಕಲು ಹೋಗಿ ತಾನೇ ಕೈ ಹಿಂದೆಗೆದುಕೊಂಡಳು. ಅವನು ನಿಧಾನವಾಗಿ ಅಗಿದು ಉಂಡ. ಒಂದು ಗುಟುಕು ನೀರಿನಲ್ಲಿ ತಟ್ಟೆ ತೊಳೆದು ಕುಡಿದ. ಹಿತ್ತಲಿಗೆ ಓಡಬೇಕಾದೀತೆಂದು ಕಾದು ಕೂತ, ಓಡಬೇಕಾಗಲಿಲ್ಲ.

ಅಂದಿನಿಂದ ಎಲ್ಲವೂ ನೇರವಾಯಿತೆಂದು ತಿಳಿಯಬೇಡ. ಅಂಗಡಿಯಲ್ಲಿ ಒಮ್ಮೊಮ್ಮೆ ಪೇಢೆ ಗೆಲ್ಲುತ್ತಿತ್ತು. ಗೆದ್ದರೆ ಗೆಲ್ಲಲಿ ಎಂದು ಅವನು ಮುಂದಿನ ಊಟಕ್ಕೆ ಮತ್ತೆ ಸಣ್ಣ ತಟ್ಟೆ ಹಾಕಿಕೊಂಡು ಕೂರುತ್ತಿದ್ದ. ತಪ್ಪಿದ ಊಟಕ್ಕಾಗಿ ಉಪವಾಸವನ್ನೂ ಮಾಡಲಿಲ್ಲ, ಅಳುತ್ತಲೂ ಕೂರಲಿಲ್ಲ. ವೈದ್ಯೆಯ ಬಳಿಗೆ ಹೇಳಿದ ದಿನಕ್ಕೆ ಹೋಗಿ ಬಂದ. ನೆಂಟರ ಮನೆಯಲ್ಲಿ ಯಾರಾದರೂ ಒತ್ತಾಯ ಮಾಡಿ ಬಡಿಸಲು ಬಂದರೆ ಈಗ ತಾಯಿಯೇ, "ಅವಂಗ ಅಷ್ಟ ಸಾಕು, ಹಾಕಬ್ಯಾಡ್ರಿ" ಎಂದು ನಡುವೆ ಬರುತ್ತಿದ್ದಳು. ಮೈ ಮತ್ತೆ ಇಳಿಯಿತು. ಅವನು ಇಂದಿಗೂ ಅಟ್ಟ ಹತ್ತಿ ತಾನೇ ಗಂಟು ಇಳಿಸುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಗದಿಗಯ್ಯನಿಗೆ ಸಮಾಧಾನವೂ ಆಗಿತ್ತು, ಒಂದು ಅನುಮಾನವೂ ಉಳಿದಿತ್ತು. ನಾಳೆ ಬೆಳಿಗ್ಗೆ ಬರುವವರ ಮುಖಗಳು ಅವನ ಕಣ್ಣ ಮುಂದೆ ಬಂದವು.

"ಅಲ್ರೀ ಅಜ್ಜಾರ, ಅಷ್ಟು ಪ್ರೀತಿಲೇ ಬಡಸಾಕ ಬಂದಾಕಿಗೆ ಬ್ಯಾಡ ಅಂದ್ರ, ಆಕಿ ಹೊಟ್ಟಿಗೆ ಸಂಕಟ ಆಗಲಿಲ್ಲೇನ್ರಿ?"

"ಎಷ್ಟೋ ತಿಂಗಳ ಮ್ಯಾಲೆ, ಮಗ ಬ್ಯಾಡ ಅಂದ ಆ ದಿನಾನ ಆ ತಾಯಿ ಹೊಟ್ಟಿ ತುಂಬ ಉಂಡ್ಲೋ, ಗದಿಗಯ್ಯಾ."